ಹಲವಾಗಲಿನ ಹೊಳೆ ಬಂದ ವರ್ಷ

ಹರಪನಹಳ್ಳಿ,
12 ಆಗಸ್ಟ್ 2024

ತಮ್ಮ ಕಾಂತೇಶನಿಗೆ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಬೆಳಗಿನ ಜಾವದ್ದು ನಿಜವಾಗುತ್ತದೆ ಅನ್ನುತ್ತಾರೆ, ಯಾರಿಗಾದರೂ ಹೇಳಿಬಿಟ್ಟರೆ ಆಗುವುದಿಲ್ಲ ಅಂತಲೂ ಅನ್ನುತ್ತಾರೆ. ಅದಕ್ಕೇ ಮುಖ ತೊಳೆಯದೆ ಬರೆಯುತ್ತಿದ್ದೇನೆ.

ನಮ್ಮ ಕುರಿ ರೊಪ್ಪದ ಬಾಯಲ್ಲಿ ಕಪ್ಪು ಕೋಟು ಹಾಕಿಕೊಂಡು ಜಡ್ಜ್ ಸಾಹೇಬರು ಕೂತಿದ್ದಾರೆ. ಒಂದೊಂದೇ ಕುರಿ ಹೊರಗೆ ಬರುತ್ತಿದೆ. ತುಟಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದಾರೆ, ಥೇಟ್ ಅಪ್ಪನ ಹಾಗೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಹಲ್ಲೆಲ್ಲ ಬಂದು ಬಾಯಿಗೂಡಿದೆ. ನಾನು ಬರೆದುಕೊಳ್ಳುತ್ತಿದ್ದೇನೆ. ಕುರಿಗಳ ನಡುವೆ ನಿನ್ನ ಹೆಂಡತಿ ಶೃತಿ ಬಂದಳು. ಅವಳೂ ಬಾಯಿ ತೆರೆದಳು. ಸಾಹೇಬರು ನೋಡಿ ನನ್ನ ಕಡೆ ತಿರುಗಿ, ‘ನೀನೇ ಹೇಳಮ್ಮ, ಕಾನೂನು ಓದುವವಳು’ ಅಂದರು. ಎಚ್ಚರವಾಗಿ ನೋಡಿದರೆ ಕೈಬೆರಳು ನನ್ನ ಹಲ್ಲಿನ ಮೇಲೇ ಇತ್ತು.

ಕಂಬಳಿ ಮುಟ್ಟಿತೇ? ಊಟ ಹೇಗಿದೆ? ಜೈಲಿನಲ್ಲಿ ಯಾರಾದರೂ ಹೊಡೆಯುತ್ತಾರೆಯೇ? ಪತ್ರ ಒಡೆದು ಓದುತ್ತಾರಂತೆ, ಆದರೂ ಹೊಡೆದರೆ ಬರಿ.

ಆ ದಿನವನ್ನು ಮೊದಲಿನಿಂದ ಕಡೆಯವರೆಗೆ ದಿನಾ ಹೇಳಿಕೊಳ್ಳುತ್ತೇನೆ, ಎಲ್ಲಾದರೂ ಬೇರೆ ದಾರಿ ಇತ್ತೇನೋ ಅಂತ. ಶೃತಿಗೆ ಐದು ತಿಂಗಳ ಬಸಿರು. ಪಾದ ಬಾತಿದ್ದವು. ಆಸ್ಪತ್ರೆಗೆ ಹೋಗೋಣ ಅಂದವಳು ನಾನು, ಅದು ಹಟ್ಟಿಗೆಲ್ಲ ಗೊತ್ತು. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕವೇ ಕೂಡಬೇಕೆಂದು ಹಟ ಮಾಡಿದಳು. ಕೂಡ್ಲಿಗಿ ಬರುವವರೆಗೂ ದಾರಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದಿದಳು, ನೀನು ನಗುತ್ತಿದ್ದೆ. ಡಾಕ್ಟರಮ್ಮ ಒಳ್ಳೆಯವರೇ. ಆಧಾರ್ ಎರಡೆರಡು ಸಲ ನೋಡಿದರು. ‘ಹದಿನೆಂಟು ಆಗಿಲ್ಲವಲ್ಲಮ್ಮ. ತಿಳಿಸದೆ ಇದ್ದರೆ ನನ್ನ ಮೇಲೇ ಕೇಸಾಗುತ್ತೆ’ ಅಂದರು. ಎದ್ದು ಪಕ್ಕದ ಕೋಣೆಗೆ ಹೋಗಿ ಫೋನ್ ಮಾಡಿದರು. ಸಂಜೆಯೊಳಗೆ ನೀನು ಠಾಣೆಯಲ್ಲಿ, ಅವಳು ಹೆಣ್ಣುಮಕ್ಕಳ ಬಾಲಮಂದಿರದಲ್ಲಿ. ಮಗಳನ್ನು ಕೊಟ್ಟಿದ್ದಕ್ಕೆ ಹುಲುಗಪ್ಪ ಮಾವನ ಮೇಲೆ ಕೇಸು, ತಂದುಕೊಂಡಿದ್ದಕ್ಕೆ ಅವ್ವನ ಮೇಲೆ. ಅವರಿಬ್ಬರಿಗೂ ಜಾಮೀನಾಗಿದೆ. ನಿನಗೇ ಇಲ್ಲ.

ನನ್ನ ಪುಸ್ತಕ ಹೇಳುವುದಿಷ್ಟು. ಪೋಕ್ಸೊ ಅಂದರೆ ಮಕ್ಕಳನ್ನು ಕಾಯುವ ಕಾನೂನು. ಹದಿನೆಂಟು ತುಂಬದ ಹುಡುಗಿ ಹೆಂಡತಿಯಾದರೂ ಮಗುವೇ, ಅವಳು ಒಪ್ಪಿದ್ದಳು ಅನ್ನುವ ಮಾತು ನಡೆಯುವುದಿಲ್ಲ. ಬೇರೆ ಕೇಸಿನಲ್ಲಿ ತಪ್ಪನ್ನು ಅವರು ತೋರಿಸಬೇಕು. ಇದರಲ್ಲಿ ತಪ್ಪು ಮಾಡಿಲ್ಲವೆಂದು ನಾವೇ ತೋರಿಸಬೇಕಾಗಿ ಬರುತ್ತದೆ. ಹಾಗಾಗಿ ಎಲ್ಲವೂ ಅವಳ ವಯಸ್ಸಿನ ಮೇಲೆ ನಿಂತಿದೆ. ಆಧಾರಿನ ತಾರೀಖು ಶಾಲೆಯಿಂದ ಬಂದದ್ದು, 2007ರ ಜೂನ್ ಒಂದು. ಆ ಲೆಕ್ಕಕ್ಕೆ ಈ ಜನವರಿಯಲ್ಲಿ ಮದುವೆಯ ದಿನ ಅವಳಿಗೆ ಹದಿನಾರು ದಾಟಿತ್ತು ಅಷ್ಟೇ. ಜೂನ್ ಒಂದು ಅನ್ನುವುದು ಯಾರ ಹುಟ್ಟಿದ ದಿನ ಹೇಳು? ನಮ್ಮ ಹಾಸ್ಟೆಲ್ಲಿನ ಅರ್ಧ ಹುಡುಗಿಯರದ್ದು ಅದೇ. ನನ್ನದೂ ಅದೇ.

ಅವ್ವನದು ಒಂದೇ ಮಾತು. ‘ಹಲವಾಗಲ ಹತ್ರ ಹೊಳಿ ಬಂದು ನಮ್ಮ ಕುರಿ ಕೊಚ್ಚಿಕೊಂಡು ಹೋದ ವರ್ಷ ಹುಟ್ಟಿದಾಕಿ ಅಕಿ. ಉಣ್ಣಿ ಕತ್ತರಿಲೆ ಹೊಕ್ಕಳ ಬಳ್ಳಿ ಕೊಯ್ದಾಕಿ ನಾನು. ನಿಮ್ಮಪ್ಪ ಅಲ್ಲೇ ಇದ್ದ, ನೀರು ಕಾಸಿ ಕೊಟ್ಟ.’ ಅಪ್ಪ ಇದ್ದನೆಂದರೆ ಲೆಕ್ಕ ಸರಿಯಾಗುತ್ತದೆ, ಅವನು ತೀರಿಕೊಂಡದ್ದು 2006ರಲ್ಲಿ, ಆ ಹೊಳೆ ಅದಕ್ಕಿಂತ ಮೊದಲಿನದು. ಆಗ ಶೃತಿಗೆ ಮದುವೆಯಲ್ಲಿ ಹದಿನೆಂಟು ತುಂಬಿತ್ತು. ನಾನು ಆ ಕಾಲದಲ್ಲಿ ಅಜ್ಜಿಯ ಹತ್ತಿರ ಊರಲ್ಲಿ ಶಾಲೆಗೆ ಹೋಗುತ್ತಿದ್ದೆ, ನಾನು ನೋಡಿಲ್ಲ. ಶೃತಿಯ ತಾಯಿ ಬದುಕಿಲ್ಲ. ನಿನಗೇನಾದರೂ ನೆನಪಿದೆಯೇ? ನೆನಪು ಮಾಡಿಕೊಂಡು ಬರಿ.

ನಿನ್ನ ಅಕ್ಕ,
ಶಿವಲೀಲಾ


ಬಳ್ಳಾರಿ,
30 ಆಗಸ್ಟ್ 2024

ವಕೀಲಮ್ಮನವರಿಗೆ, ಅಂದ್ರ ನಮ್ಮ ಅಕ್ಕಗ,

ಪತ್ರ ಮುಟ್ಟಿತು. ಒಡದು ಓದಿದ ವಾರ್ಡರು ‘ಏನಲೇ, ನಿಮ್ಮಕ್ಕಗ ಕನಸಿನಾಗೂ ಕುರಿನಾ?’ ಅಂತ ನಕ್ಕ. ಕಂಬಳಿ ಕೊಟ್ಟಾರ. ಯಾರೂ ಹೊಡಿಯಂಗಿಲ್ಲ. ನೀ ಹೆದರಬ್ಯಾಡ.

ಸಂಜಿ ಬಾಗಿಲ ಹಾಕೂ ಮುಂದ ನಮ್ಮನ್ನ ಜೋಡಿ ಜೋಡಿ ಕುಂದರಿಸಿ ಎಣಿಸ್ತಾರ. ಮೂರು ಸಲ ತಪ್ಪಿದ್ರು ಒಂದಿನ. ನಾನು ‘ಸಾರ್, ಬಾಗಲಾಗ ಕಾಲು ಅಡ್ಡ ಇಟ್ಟು ಒಂದೊಂದ ಬಿಟ್ಟು ಎಣಿಸ್ರಿ, ಕುರಿ ತಪ್ಪಂಗಿಲ್ಲ’ ಅಂದೆ. ಬೆನ್ನಿಗೆ ಒಂದು ಬಿತ್ತು. ಅದು ಹೊಡದಿದ್ದು ಅಲ್ಲ, ಚಾಷ್ಟಿ.

ಇಲ್ಲಿ ಬಂದವರು ಮೊದಲು ಏನು ಕೇಸು ಅಂತ ಕೇಳ್ತಾರ. ಹೇಳಿದ್ರ ಹಾಸಿಗಿ ಎಳಕೊಂಡು ಆಚಿ ಹೋಗ್ತಾರ. ಕೊಲಿ ಮಾಡಿದವನ ಹತ್ರ ಮಲಗ್ತಾರ, ನನ್ನ ಹತ್ರ ಇಲ್ಲ. ‘ಅಕಿ ನನ್ನ ಹೇಣ್ತಿ, ಸೋದರಮಾವನ ಮಗಳು, ಚಪ್ಪರ ಹಾಕಿ ಊರಿಗೆಲ್ಲ ಉಣಿಸಿ ಮದುವಿ ಆಗೀನಿ’ ಅಂತೀನಿ. ‘ಎಲ್ಲಾರೂ ಹಂಗ ಅಂತಾರ’ ಅಂತಾರ. ನಾನು ಏನು ಮಾಡೀನಿ ಅಕ್ಕ? ಎಲ್ಲಾರೂ ಮಾಡಿದ್ದನ್ನ ಮಾಡೀನಿ.

ನೀ ಕೇಳಿದಿ. ಅವ್ವ ಹೇಳೂದು ಖರೆ ಐತಿ. ಹೊಳಿ ಬಂದಿದ್ದು ನನಗ ಕಣ್ಣಿಗೆ ಕಟ್ಟಿದಂಗ ಐತಿ. ನನ್ನನ್ನ ಹೆಗಲ ಮ್ಯಾಲೆ ಹೊತ್ತುಕೊಂಡು ನೀರಾಗ ಹೊಂಟಿದ್ದ. ಕಾಲಿಗೆ ತಣ್ಣಗ ನೀರು ಹತ್ತತಿತ್ತು. ಎಲ್ಲಿ ಬೀಳ್ತೀನೋ ಅಂತ ನಾನು ಅವನ ಕಿವ್ಯಾಗಿನ ಮುರುವಿನಾಗ ಬೆರಳು ಹಾಕಿ ಗಟ್ಟಿ ಹಿಡಕೊಂಡಿದ್ದೆ, ‘ಬಿಡಲೇ, ಕಿವಿ ಹರೀತಿ’ ಅಂತ ಬೈಸಿಕೊಂಡೆ. ದಿಬ್ಬದ ಮ್ಯಾಲೆ ಅವ್ವ ಕಂಬಳಿಯಾಗ ಏನೋ ಸುತ್ತಿಕೊಂಡು ಕುಂತಿದ್ಲು. ಕುರಿಮರಿ ಅಂತ ತಿಳಕೊಂಡೆ. ಹತ್ರ ಹೋದ್ರ ಅದು ಅತ್ತಿತು. ಅದೇ ಶೃತಿ. ಇದನ್ನ ಜಡ್ಜ್ ಮುಂದ ಹೇಳಿದ್ರ ಆಗಂಗಿಲ್ಲೇನು?

ಶೃತಿನ್ನ ನೋಡಿದ್ರ ಹೇಳು, ಕಾಲು ಇಳಿಬಿಟ್ಟು ಕುಂದರಬ್ಯಾಡ ಅಂತ. ಬಾವು ಬರತೈತಿ.

ಇಂತಿ ನಿನ್ನ ತಮ್ಮ,
ಕಾಂತೇಶ


ಹರಪನಹಳ್ಳಿ,
18 ನವೆಂಬರ್ 2024

ತಮ್ಮ ಕಾಂತೇಶನಿಗೆ,

ಜಾಮೀನು ಸಿಗಲಿಲ್ಲ ಅನ್ನುವುದು ನಿನಗೆ ಇಷ್ಟರಲ್ಲಿ ಗೊತ್ತಾಗಿರುತ್ತದೆ. ನಮ್ಮ ವಕೀಲರು ಓಬಳೇಶಪ್ಪನವರು ಶೃತಿಯ ಎಲುಬಿನ ಎಕ್ಸ್‌ರೇ ತೆಗೆಸಿ, ಹಲ್ಲು ನೋಡಿಸಿ ವಯಸ್ಸು ಹೇಳಿಸಬೇಕೆಂದು ಕೇಳಿದ್ದರು. ಶಾಲೆಯ ತಾರೀಖು ಇರುವಾಗ ಎಲುಬು ಯಾಕೆ ಅನ್ನುವ ಉತ್ತರ ಬಂತು. ಕಾನೂನಿನ ಸಾಲೇ ಹಾಗಿದೆ: ಮೊದಲು ಶಾಲೆ, ಅದಿಲ್ಲದಿದ್ದರೆ ಜನನ ಪತ್ರ, ಎರಡೂ ಇಲ್ಲದಿದ್ದರೆ ಎಲುಬು. ಅವ್ವನ ನೆನಪು ಆ ಸಾಲಿನಲ್ಲೇ ಇಲ್ಲ. ನನಗೆ ಹಲ್ಲು ನೋಡುವ ಮಾತು ಕೇಳಿಯೇ ಆ ಕನಸು ನೆನಪಾಗಿ ಕೋರ್ಟಿನ ಹೊರಗೆ ಹೋಗಿ ಕೂತೆ.

ಅದಾದ ಮೇಲೆ ಅವ್ವ ನನ್ನನ್ನು ಎಳೆದುಕೊಂಡು ಕೊಟ್ಟೂರಿಗೆ ಹೋದಳು, ಶೃತಿಯನ್ನು ಶಾಲೆಗೆ ಸೇರಿಸಿಕೊಂಡ ಶಿವಶಂಕರ ಮೇಷ್ಟ್ರ ಮನೆಗೆ. ನಿವೃತ್ತರಾಗಿ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದರು.

‘ಏನ್ರಿ ಮೇಷ್ಟ್ರ, ನನ್ನ ಸೊಸಿ ವಯಸ್ಸು ಎಲ್ಲಿಂದ ತಂದು ಬರದ್ರಿ?’ ಅಂದಳು ಅವ್ವ, ನಿಂತುಕೊಂಡೇ.

‘ನಾ ಯಾಕ ತರಲವ್ವ? ನಿಮ್ಮಣ್ಣ ಹುಲುಗಪ್ಪ ಬಂದಿದ್ದ. ಎಷ್ಟು ವರ್ಷ ಅಂದ್ರ, ಒಂದನೇ ಕ್ಲಾಸಿಗೆ ಎಷ್ಟು ಬೇಕೋ ಅಷ್ಟು ಬರಕೊಳ್ರಿ ಅಂದ. ಆರು ಬೇಕಿತ್ತು. ಆರು ಬರದೆ.’

‘ಹುಡುಗಿ ನೋಡಿದ್ರ ಗೊತ್ತಾಗಲಿಲ್ಲೇನು? ಕುರಿ ಕೊಳ್ಳಾಕ ಬಂದಾಗ ಹಲ್ಲು ನೋಡದ ಒಯ್ತಿದ್ರೇನು ನೀವು?’

‘ಕುರಿಗೆ ನಾನು ರೊಕ್ಕ ಕೊಡ್ತಿದ್ದೆ, ಭರಮಮ್ಮ.’

ಅವ್ವ ಕಟ್ಟೆಯ ತುದಿಯಲ್ಲಿ ಕೂತುಬಿಟ್ಟಳು. ಮೇಷ್ಟ್ರಿಗೇ ನಾಚಿಕೆಯಾಗಿರಬೇಕು, ತಮ್ಮ ಸೊಸೆಯನ್ನು ಕರೆದು ಚಹಾ ಮಾಡಿಸಿದರು. ‘ನೀವು ದೀಪಾವಳಿ ಆದಮ್ಯಾಲೆ ಕುರಿ ಹೊಡಕೊಂಡು ಹೋಗ್ತಿದ್ರಿ, ಮಳಿ ಹಿಡದ ಮ್ಯಾಲೆ ಹೊಳಿ ದಾಟಿ ತಿರುಗಿ ಬರ್ತಿದ್ರಿ. ನಿಮ್ಮ ಮಕ್ಕಳಿಗೆ ವಯಸ್ಸು ಹೇಳೋರು ಯಾರು ಇದ್ರು ಊರಾಗ? ಎಲ್ಲಾರಿಗೂ ನಾನೇ ಹೆತ್ತವ್ವ ಆಗಿದ್ದೆ’ ಅಂದರು. ಸಾಕ್ಷಿ ಹೇಳುತ್ತೀರಾ ಅಂದಿದ್ದಕ್ಕೆ, ‘ಸುಳ್ಳು ಬರದೆ ಅಂತ ಹೇಳಿದ್ರ ನನ್ನ ಪಿಂಚಣಿ ಕಥಿ ಏನವ್ವ?’ ಅಂದರು. ಎದ್ದು ಬಂದೆವು.

ಓಬಳೇಶಪ್ಪನವರಿಗೆ ಹೊಳೆಯ ಕಥೆ ಹಿಡಿಸಿದೆ. ಹೊಳೆಯಲ್ಲಿ ಕುರಿ ಹೋದಾಗ ಪರಿಹಾರಕ್ಕೆ ಅರ್ಜಿ ಕೊಟ್ಟಿರುತ್ತೀರಿ, ಅದನ್ನು ತನ್ನಿ ಅಂದರು. ತಾಲೂಕು ಕಚೇರಿಯಲ್ಲಿ ಹುಡುಕಿಸಿದೆ, 2005ರದು ಸಿಕ್ಕಿತು. ಎಷ್ಟು ಕುರಿ, ಎಷ್ಟು ಟಗರು, ಯಾವುದಕ್ಕೆ ಎಷ್ಟು ಹಲ್ಲು, ಎಲ್ಲ ಬರೆದಿದೆ, ಕೆಳಗೆ ಅಪ್ಪನ ಹೆಬ್ಬೆಟ್ಟು. ಸತ್ತ ಕುರಿಗೆ ಕಾಗದ ಇದೆ, ಅದೇ ದಿಬ್ಬದ ಮೇಲೆ ಹುಟ್ಟಿದ ಹುಡುಗಿಗೆ ಇಲ್ಲ. ಸಂತೋಷಪಡುವ ಹೊತ್ತಿಗೆ ಗುಮಾಸ್ತರು ಇನ್ನೊಂದು ಹಾಳೆ ತೆಗೆದರು. ಎರಡು ವರ್ಷ ಬಿಟ್ಟು, 2007ರಲ್ಲಿ, ಅದೇ ಹಲವಾಗಲ ದಂಡೆಯಲ್ಲಿ ಮತ್ತೆ ಹೊಳೆ ಬಂದಿದೆ, ಮತ್ತೆ ನಮ್ಮ ಕುರಿ ಹೋಗಿವೆ. ಅದಕ್ಕೆ ಅಪ್ಪನ ಹೆಬ್ಬೆಟ್ಟಿಲ್ಲ, ಅವ್ವನದು. ಅಪ್ಪ ಆಗ ಇರಲಿಲ್ಲ. ಅವ್ವನನ್ನು ಕೇಳಿದೆ. ‘ಮೊದಲನೇದು, ಮೊದಲನೇದು. ಎಷ್ಟು ಸಲ ಕೇಳ್ತಿ?’ ಅಂದಳು. ಹಾಗಾದರೆ ಸರಿ. ವಿಚಾರಣೆ ಜೂನ್‌ನಲ್ಲಿ. ಅವ್ವ ಕಟಕಟೆಯಲ್ಲಿ ನಿಂತು ಆ ಹೊಳೆಯ ಮಾತನ್ನು ಹೇಳಬೇಕು. ನಮ್ಮ ಕೈಯಲ್ಲಿ ಇರುವುದು ಅದೊಂದೇ.

ಇನ್ನೊಂದು ವಿಷಯ ಬರೆಯಲೋ ಬೇಡವೋ ತಿಳಿಯದು. ಕಾಲೇಜಿನಲ್ಲಿ ಅಣಕು ನ್ಯಾಯಾಲಯ ಇತ್ತು. ದಾವಣಗೆರೆಯ ಹುಡುಗರೆಲ್ಲ ಇಂಗ್ಲಿಷಿನಲ್ಲಿ ಮಾತಾಡುವವರು, ನಾನು ಮುರಿದು ಮುರಿದು ಓದಿದವಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋಗಿ, ಮತ್ತೆ ಸೇರಿ, ಮತ್ತೆ ಬಿಟ್ಟು ಬಂದವಳು. ಚೀಟಿ ಎತ್ತಿದರೆ ನನಗೆ ಬಂದದ್ದು ಪೋಕ್ಸೊ ಕೇಸು, ಸರ್ಕಾರದ ಪರ. ಮೇಡಂಗೆ ನಮ್ಮ ಮನೆಯ ವಿಷಯ ಗೊತ್ತಿಲ್ಲ, ನಾನು ಹೇಳಲೂ ಇಲ್ಲ. ಎದ್ದು ಕನ್ನಡದಲ್ಲೇ ಮಾತಾಡಿದೆ. ‘ಮಗು ತಲೆ ಆಡಿಸಿತು ಅಂದಮಾತ್ರಕ್ಕೆ ಅದು ಒಪ್ಪಿಗೆಯಲ್ಲ. ಬೇಡ ಅನ್ನಲು ಗೊತ್ತಿದ್ದವರದ್ದು ಮಾತ್ರ ಒಪ್ಪಿಗೆ’ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಗೆದ್ದೆ. ಆ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಅದು ನನ್ನೊಳಗಿಂದಲೇ ಬಂತು. ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಚಳಿ ಶುರುವಾಯಿತು. ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ ಅಕ್ಕ,
ಶಿವಲೀಲಾ


ಬಾಲಮಂದಿರ,
9 ಜನವರಿ 2025

ಅಕ್ಕನಿಗೆ ಶೃತಿ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀವು ಕ್ಷೇಮವೇ? ಟೀಚರ್ ಪತ್ರ ಬರೆಯಲು ಹೇಳಿಕೊಟ್ಟಿದ್ದಾರೆ, ತಪ್ಪಿದ್ದರೆ ನಗಬೇಡಿ.

ನನಗೆ ಹೆಣ್ಣುಮಗು ಆಗಿದೆ. ತುಂಬ ಸಣ್ಣದು. ಆಸ್ಪತ್ರೆಯಲ್ಲೇ ಜನನ ಪತ್ರ ಕೊಟ್ಟರು. ಹುಟ್ಟಿದ ದಿನ ಅಲ್ಲದೆ ಗಂಟೆ, ನಿಮಿಷ, ತೂಕ ಎಲ್ಲ ಕಾರ್ಡಿನಲ್ಲಿ ಬರೆದಿದ್ದಾರೆ. ತಾಯಿಯ ವಯಸ್ಸು ಹದಿನೇಳು ಅಂತ ಬರೆದಿದ್ದಾರೆ. ನಾನು ಏನೂ ಹೇಳಲಿಲ್ಲ, ಅವರೇ ಬರೆದುಕೊಂಡರು. ಮಗು ಬಹಳ ಅಳುತ್ತದೆ. ನನಗೂ ಅಳು ಬರುತ್ತದೆ. ಆಯಾ ಬಂದು ಇಬ್ಬರಿಗೂ ಬೈಯುತ್ತಾರೆ.

ಇಲ್ಲಿ ಸಂಜೆ ಖೋಖೋ ಆಡಲು ಬಿಡುತ್ತಾರೆ. ನನಗೆ ಹೊಟ್ಟೆ ಇದ್ದಾಗ ಆಡಬಾರದು ಅಂದಿದ್ದರು, ಸೀಟಿ ಊದುವ ಕೆಲಸ ಕೊಟ್ಟಿದ್ದರು. ಇನ್ನು ಎರಡು ತಿಂಗಳು ಬಿಟ್ಟು ಆಡಬಹುದಂತೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿಸುತ್ತೇವೆ ಅಂದಿದ್ದಾರೆ. ಇದನ್ನು ಅತ್ತೆಗೆ ಹೇಳಬೇಡಿ.

ಕಾಂತೇಶ ಮಾವ ಜೈಲಿನಲ್ಲಿ ಊಟ ಮಾಡುತ್ತಾನೆಯೇ? ಅವನು ನನಗೆ ಒಂದು ದಿನವೂ ಹೊಡೆದಿಲ್ಲ ಅಂತ ಮೇಡಂಗೆ ಹೇಳಿದ್ದೇನೆ. ಕೂಡ್ಲಿಗಿಯಿಂದ ಮಿರ್ಚಿ ತರುತ್ತಿದ್ದ ಅಂತಲೂ ಹೇಳಿದೆ.

ಮೊನ್ನೆ ಒಬ್ಬರು ಬಂದು ನಿನಗೆ ಎಷ್ಟು ವಯಸ್ಸು ಅಂತ ಕೇಳಿದರು. ಅಪ್ಪ ಹತ್ತೊಂಬತ್ತು ಅನ್ನು ಅಂದಿದ್ದ. ಪೊಲೀಸ್ ಮೇಡಂ ಹದಿನೇಳು ಅಂದರು. ಶಾಲೆಯಲ್ಲಿ ಜೂನ್ ಒಂದು. ನಾನು ಎಷ್ಟು ಅಂತ ಹೇಳಬೇಕು ಅಕ್ಕ? ನೀವು ಹೇಳಿದಷ್ಟು ಹೇಳುತ್ತೇನೆ. ಬೇಗ ಬರೆದು ಕಳಿಸಿ.

ನಿಮ್ಮ ವಿಧೇಯ,
ಶೃತಿ


ಬಳ್ಳಾರಿ,
2 ಫೆಬ್ರುವರಿ 2025

ಅಕ್ಕಗ,

ಮಗಳು ಹುಟ್ಯಾಳ ಅಂತ ವಕೀಲರು ಹೇಳಿದ್ರು. ಯಾರಂಗ ಐತಿ? ಮೂಗು ಯಾರದು? ಇಲ್ಲಿ ಸಕ್ಕರಿ ಹಂಚಬೇಕಂತ ಮಾಡಿದ್ದೆ, ಯಾರೂ ಇಸಕೊಳ್ಳಂಗಿಲ್ಲ ಅಂತ ಬಿಟ್ಟೆ. ಕೊಲಿ ಕೇಸಿನ ಮುದುಕ ಒಬ್ಬ ತಿಂದ.

ಒಂದು ಮಾತು. ನನ್ನ ಗೆಳ್ಯಾ ಬೀರಲಿಂಗೇಶನ ಹೇಣ್ತಿ ಗೀತಮ್ಮಗ ದಿನ ತುಂಬತಾವ ಅಂತ ಕೇಳಿದೆ. ಅಕಿ ಸಣ್ಣಾಕಿ ಅದಾಳ, ನಿನಗೂ ಗೊತ್ತೈತಿ. ಬೀರಲಿಂಗೇಶಗ ಹೇಳು, ಆಸ್ಪತ್ರಿ ಕಡಿ ಮುಖ ಹಾಕಬ್ಯಾಡ ಅಂತ. ಸೂಲಗಿತ್ತಿ ಬೊಮ್ಮಮ್ಮ ಅದಾಳ. ನಾನು ಇಲ್ಲಿ ಅನುಭವಿಸಿದ್ದು ಸಾಕು, ಅವ ಬರೂದು ಬ್ಯಾಡ. ಇಷ್ಟು ನನಗಾಗಿ ಮಾಡು.

ಕಾಂತೇಶ


ಹಟ್ಟಿ, ಕೂಡ್ಲಿಗಿ ತಾಲೂಕು,
20 ಮಾರ್ಚ್ 2025

ತಮ್ಮ ಕಾಂತೇಶನಿಗೆ,

ನೀನು ಹೇಳಿಕಳಿಸಿದ ಮಾತನ್ನು ನಾನು ಬೀರಲಿಂಗೇಶನಿಗೆ ಮುಟ್ಟಿಸಲಿಲ್ಲ. ಮುಟ್ಟಿಸುವ ಅಗತ್ಯವೇ ಇರಲಿಲ್ಲ. ನಿನ್ನನ್ನು ಜೀಪಿನಲ್ಲಿ ಒಯ್ದ ದಿನದಿಂದ ನಮ್ಮ ಹಟ್ಟಿಯಲ್ಲಿ ಆಶಾ ಕಾರ್ಯಕರ್ತೆ ಬಂದರೆ ಬಸುರಿ ಹುಡುಗಿಯರನ್ನು ಹೊಲಕ್ಕೆ ಕಳಿಸುತ್ತಾರೆ. ಯಾರ ಮನೆಯಲ್ಲೂ ಯಾರೂ ಬಸುರಿಯರಿಲ್ಲ. ಬೊಮ್ಮಮ್ಮನಿಗೆ ಮತ್ತೆ ಕೈತುಂಬ ಕೆಲಸ.

ಗೀತಮ್ಮನಿಗೆ ನೋವು ಶುರುವಾದಾಗ ನಾನು ಊರಲ್ಲಿದ್ದೆ. ಮಧ್ಯಾಹ್ನವಾದರೂ ಹೆರಿಗೆ ಆಗಲಿಲ್ಲ. ಹೋಗಿ ಗಾಡಿ ಕರೆಸುತ್ತೇನೆ ಅಂದೆ. ಬೀರಲಿಂಗೇಶನ ತಾಯಿ ಬಾಗಿಲಿಗೆ ಅಡ್ಡ ನಿಂತಳು. ‘ನಿನ್ನ ಮಾತು ಕೇಳಿ ಒಬ್ಬ ಒಳಗ ಹೋಗ್ಯಾನ. ಇನ್ನೊಬ್ಬನ್ನ ಕಳಿಸ್ತಿ ಏನವ್ವ ವಕೀಲಮ್ಮ?’ ನಾನು 108ಕ್ಕೆ ಫೋನ್ ಮಾಡಿದೆ. ಗಾಡಿ ಬರುವುದನ್ನು ದೂರದಿಂದಲೇ ನೋಡಿ ಗೀತಮ್ಮನನ್ನು ಕಂಬಳಿಯಲ್ಲಿ ಹೊತ್ತುಕೊಂಡು ಜೋಳದ ಹೊಲದ ಗುಡಿಸಲಿಗೆ ಹೋದರು. ಡ್ರೈವರ್ ಮನೆಮನೆ ಕೇಳಿದ. ಎಲ್ಲರೂ ‘ಇಲ್ರಿ, ಇಲ್ಲಿ ಯಾರೂ ಇಲ್ರಿ’ ಅಂದರು. ನಮ್ಮ ಅವ್ವನೂ ಅಂದಳು, ನನ್ನ ಮುಖ ನೋಡುತ್ತಲೇ. ನಾನು ಗಾಡಿಯ ಮುಂದೆ ಓಡಿ ಹೊಲದ ದಾರಿ ತೋರಿಸಿದೆ.

ಮಗು ಉಳಿಯಲಿಲ್ಲ. ಗೀತಮ್ಮ ಉಳಿದಳು. ಆಸ್ಪತ್ರೆಯಲ್ಲಿ ಮತ್ತೆ ಆಧಾರ್, ಮತ್ತೆ ಫೋನ್. ಬೀರಲಿಂಗೇಶ ಆ ಸಂಜೆಯಿಂದ ಕಾಣುತ್ತಿಲ್ಲ, ಹಡಗಲಿ ಕಡೆ ಯಾರದೋ ಕುರಿಗಳ ಜೊತೆ ಸೇರಿಕೊಂಡಿದ್ದಾನಂತೆ. ಹಟ್ಟಿಯಲ್ಲಿ ನನ್ನ ಕೈಯ ನೀರು ಯಾರೂ ಕುಡಿಯುತ್ತಿಲ್ಲ.

ಆಸ್ಪತ್ರೆಯಲ್ಲಿ ಗೀತಮ್ಮನ ಮಂಚದ ಹತ್ತಿರ ಕೂತಿದ್ದೆ. ಅವಳ ಪಾದಗಳು ಮಂಚದ ಕೊನೆಯಿಂದ ಬಹಳ ದೂರ ಉಳಿದಿದ್ದವು, ನಡುವೆ ಇನ್ನೊಂದು ಮಗುವನ್ನು ಮಲಗಿಸಬಹುದಿತ್ತು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, ‘ಅಕ್ಕ, ಬಸ್‌ಸ್ಟ್ಯಾಂಡಿನಾಗ ಐಸ್ ಕ್ಯಾಂಡಿ ಕೊಡಿಸ್ತಿ?’ ಅಂತ. ತಂದುಕೊಟ್ಟೆ. ಕೆಂಪಾದ ನಾಲಿಗೆಯನ್ನು ಹೊರಗೆ ಚಾಚಿ ತಾನೇ ನೋಡಿಕೊಂಡಳು. ಆಗ ನನಗೆ ಬಸ್ಸಿನ ಕಿಟಕಿಯಲ್ಲಿ ಬೋರ್ಡು ಓದುತ್ತಿದ್ದ ಶೃತಿ ಕಂಡಳು. ನಾವು ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಕಾಂತೇಶ.

ಶಿವಲೀಲಾ


ಹರಪನಹಳ್ಳಿ,
28 ಏಪ್ರಿಲ್ 2025

ತಮ್ಮ ಕಾಂತೇಶನಿಗೆ,

ಹೋದ ಪತ್ರಕ್ಕೆ ನೀನು ಉತ್ತರ ಬರೆದಿಲ್ಲ. ಸಿಟ್ಟೋ, ಜ್ವರವೋ, ಪತ್ರವೇ ಮುಟ್ಟಲಿಲ್ಲವೋ ಅಂತ ಒಂದೊಂದನ್ನೇ ಎಣಿಸುತ್ತ ಕೂತಿದ್ದೇನೆ. ಸಿಟ್ಟೇ ಆಗಿರಲಿ, ಜ್ವರ ಬೇಡ.

ಇದನ್ನು ಓಬಳೇಶಪ್ಪನವರ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ. ಅವರು ಓದಿದರೆ ಮುಂದೆ ಅವ್ವನನ್ನು ಕಟಕಟೆಗೆ ಹತ್ತಿಸಲು ಅವರಿಗೆ ಮನಸ್ಸು ಬರಲಿಕ್ಕಿಲ್ಲ. ಅಂಚೆಗೇ ಹಾಕುತ್ತಿದ್ದೇನೆ. ಅಲ್ಲಿ ಓದುವವರು ಓದಲಿ. ಹೆದರಿ ಹೆದರಿ ನನಗೂ ಸಾಕಾಗಿದೆ.

ಜೂನ್‌ನಲ್ಲಿ ಅವ್ವ ಹೇಳಬೇಕಾದ ಮಾತನ್ನು ಬರೆದು ಕಲಿಸುವ ಕೆಲಸ ನನ್ನದು. ದಿನವೂ ಫೋನಿನಲ್ಲಿ ಹೇಳಿಸುತ್ತೇನೆ. ಹೊಳೆ ಬಂತು, ಕುರಿ ಹೋದವು, ದಿಬ್ಬ ಹತ್ತಿದೆವು, ನಿಮ್ಮಪ್ಪ ನೀರು ಕಾಸಿದ, ಉಣ್ಣೆ ಕತ್ತರಿಯಿಂದ ಬಳ್ಳಿ ಕೊಯ್ದೆ. ಒಂದು ದಿನ, ನೀರನ್ನು ಯಾವುದರಲ್ಲಿ ಕಾಸಿದ ಅಂತ ಕೇಳಿದೆ. ಸರ್ಕಾರಿ ವಕೀಲರು ಕೇಳುತ್ತಾರಲ್ಲ, ಅದಕ್ಕೆ. ‘ಅಲ್ಯುಮಿನಿ ಬೋಗಾಣಿಯಾಗ’ ಅಂದಳು. ಮರುದಿನ ಕೇಳಿದರೆ ‘ಕೊಡಪಾನದಾಗ’ ಅಂದಳು. ಯಾವುದು ಖರೆ ಅಂದಿದ್ದಕ್ಕೆ ಅತ್ತಳು. ‘ನಿಮ್ಮಪ್ಪ ಇದ್ದ ಅಂತ ಹೇಳಿ ಹೇಳಿ ನನಗ ಈಗ ಅವ ಕಾಣಾಕ ಹತ್ಯಾನ, ಒಲಿ ಮುಂದ ಕುಂತು ಊದೂದು ಕಾಣತೈತಿ. ಕಾಣೂದನ್ನ ಸುಳ್ಳು ಅನ್ನಲೇನು? ನೀ ನನ್ನ ಮಗಳೋ, ಸರ್ಕಾರದ ಮಗಳೋ?’ ಅಂದಳು.

ಹುಲುಗಪ್ಪ ಮಾವನನ್ನು ಕೇಳೋಣವೆಂದು ಉಜ್ಜಿನಿ ಹತ್ತಿರದ ಅವನ ಹಟ್ಟಿಗೇ ಹೋದೆ. ಅವನದೇ ಮಗಳು, ಅವನಿಗೆ ಗೊತ್ತಿರಲೇಬೇಕು. ಟಗರಿಗೆ ನೀರು ಕುಡಿಸುತ್ತಿದ್ದ. ಮೊದಲ ಹೊಳೆಯೋ ಎರಡನೆಯದೋ ಅಂದೆ. ತಲೆ ಎತ್ತಲಿಲ್ಲ. ‘ನಿಮ್ಮವ್ವ ಹೇಳಿದಂಗ’ ಅಂದ. ‘ಅವ್ವಂದು ಬಿಡು, ನೀನು ಹೇಳು ಮಾವ’ ಅಂದೆ. ‘ನಿಮ್ಮವ್ವ ಹೇಳಿದಂಗ’ ಅಂದ ಮತ್ತೆ. ಬಗ್ಗಿದಾಗ ಅವನ ಕಿವಿಯ ಬಂಗಾರದ ಮುರುವು ಬಿಸಿಲಿಗೆ ಹೊಳೆಯಿತು. ಬಸ್ಸು ಹತ್ತಿ ಕೂತೆ, ಕೊಟ್ಟೂರು ದಾಟಿತು. ಆಗ ನಿನ್ನ ಮೊದಲ ಪತ್ರದ ಮುರುವು ನೆನಪಾಯಿತು.

ಹಾಸ್ಟೆಲ್ಲಿಗೆ ಬಂದು ಪೆಟ್ಟಿಗೆಯಿಂದ ಅಪ್ಪನ ಓಟಿನ ಕಾರ್ಡು ತೆಗೆದು ನೋಡಿದೆ. ನಮ್ಮ ಹತ್ತಿರ ಇರುವ ಅವನ ಮುಖ ಅದೊಂದೇ. ಕಿವಿ ಎರಡೂ ಚೆನ್ನಾಗಿ ಕಾಣುತ್ತವೆ, ತೂತಿಲ್ಲ. ಚುಚ್ಚಿಸಲು ಕೂಡಿಸಿದರೆ ಅಪ್ಪ ಓಡಿಹೋಗಿ ಬಣವೆಯಲ್ಲಿ ಅಡಗಿದ್ದ ಅಂತ ಅಜ್ಜಿ ನಗುತ್ತಿದ್ದದ್ದು ನಿನಗೆ ನೆನಪಿಲ್ಲದಿರಬಹುದು, ನನಗಿದೆ. ಅಪ್ಪ ಒಂದು ದಿನವೂ ಮುರುವು ಹಾಕಿದವನಲ್ಲ.

ನೀನು ಬರೆದಿದ್ದೆ, ನಿನ್ನನ್ನು ಹೆಗಲ ಮೇಲೆ ಹೊತ್ತವನ ಮುರುವು ಹಿಡಿದುಕೊಂಡಿದ್ದೆ ಅಂತ. ಹೊತ್ತವನು ಯಾರು ಅಂತ ನೀನು ಬರೆದಿರಲಿಲ್ಲ. ನಾನು ಅಪ್ಪ ಅಂದುಕೊಂಡೆ. ನೀನೂ ಹಾಗೇ ಅಂದುಕೊಂಡಿದ್ದೀಯೋ ಏನೋ. ಮಾವನಾಗಿದ್ದರೆ ಅಪ್ಪ ಇಲ್ಲದ ಕಾರಣಕ್ಕೇ ಅವನು ನಿನ್ನನ್ನು ಹೊತ್ತಿರಬೇಕು. ಹಾಗಾದರೆ ಅದು ಎರಡನೆಯ ಹೊಳೆ. ಹಾಗಾದರೆ ಮೇಷ್ಟ್ರು ಕುರುಡಾಗಿ ಬರೆದದ್ದು ಹೆಚ್ಚುಕಡಿಮೆ ಸರಿ, ಮದುವೆಯ ದಿನ ಅವಳಿಗೆ ಹದಿನಾರು. ಮೊದಲ ಹೊಳೆಯಲ್ಲಿ ನಿನಗೆ ಮೂರು ವರ್ಷ ಕಾಂತೇಶ. ಮೂರು ವರ್ಷದ ಮಗುವಿಗೆ ಅಷ್ಟೆಲ್ಲ ನೆನಪಿರುತ್ತದೆಯೇ, ನೀರಿನ ತಂಪು, ಬೈಗುಳ, ಕಂಬಳಿಯ ಅಳು? ಇರಬಹುದು. ಇಲ್ಲದಿರಬಹುದು.

ನೀನು ಕೆಟ್ಟವನಲ್ಲ. ಅದನ್ನು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ. ಅವ್ವ, ಮಾವ, ನಾನು, ಚಪ್ಪರದಲ್ಲಿ ಅಕ್ಷತೆ ಹಾಕಿದವರೆಲ್ಲ ಅವಳನ್ನು ನೋಡಿದೆವು, ಹಲ್ಲು ನೋಡುವಷ್ಟೂ ಯೋಚನೆ ಮಾಡಲಿಲ್ಲ. ಅವಳಿಗೆ ಈಗ ಖೋಖೋ ಆಡಲು ಬಿಡುತ್ತಾರಂತೆ. ಅವಳು ಕೇಳಿದ ಪ್ರಶ್ನೆಗೆ, ಎಷ್ಟು ವಯಸ್ಸು ಅಂತ ಹೇಳಬೇಕು ಅನ್ನುವುದಕ್ಕೆ, ನಾನು ಇನ್ನೂ ಉತ್ತರ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ತಾರೀಖು ಹಾಕಿ ನಿಲ್ಲಿಸುತ್ತೇನೆ.

ಅವ್ವನಿಗೆ ಆ ಮಾತನ್ನೇ ಹೇಳಲು ಬಿಟ್ಟರೆ ನೀನು ಹೊರಗೆ ಬಂದರೂ ಬರಬಹುದು. ಬಿಡದಿದ್ದರೆ ಹತ್ತು ವರ್ಷವೋ ಇಪ್ಪತ್ತೋ, ನನ್ನ ಪುಸ್ತಕದಲ್ಲಿರುವ ಅಂಕಿಗಳನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಬಂದರೆ ಆ ಮಗುವಿಗೆ ಅಪ್ಪ ಇರುತ್ತಾನೆ, ಹಟ್ಟಿಯವರು ಮತ್ತೆ ನಮ್ಮ ಮನೆಯ ನೀರು ಕುಡಿಯುತ್ತಾರೆ. ಶೃತಿಯನ್ನು ಬಾಲಮಂದಿರದಿಂದ ಕರೆತಂದು ಒಲೆಯ ಮುಂದೆ ಕೂಡಿಸುತ್ತೇವೆ. ನೀನು ಏನು ಬರೆದರೆ ನಾನು ಏನು ಮಾಡುತ್ತೇನೆ ಅನ್ನುವುದು ನನಗೇ ಗೊತ್ತಿಲ್ಲ. ಗೊತ್ತಿಲ್ಲದೆಯೇ ಕೇಳುತ್ತಿದ್ದೇನೆ.

ಸಂಜೆ ನಿಮ್ಮನ್ನು ಎಣಿಸಿ ಬಾಗಿಲು ಹಾಕಿದ ಮೇಲೆ ಕಣ್ಣು ಮುಚ್ಚಿ ಇನ್ನೊಂದೇ ಒಂದು ಸಲ ಆ ನೀರಿಗೆ ಹೋಗು. ಅವ್ವನಿಗಾಗಿ ಬೇಡ, ನನಗಾಗಿ ಬೇಡ, ಸುಮ್ಮನೆ ಹೋಗಿ ನೋಡು. ಹೆಗಲ ಮೇಲೆ ಕೂತಿದ್ದೀಯ, ಕಾಲಿಗೆ ತಣ್ಣಗೆ ಹತ್ತುತ್ತಿದೆ. ನಿನ್ನ ಬೆರಳಿನಲ್ಲಿ ಇರುವುದು ಮುರುವೋ, ಬರೀ ಕಿವಿಯೋ, ಮತ್ತೊಮ್ಮೆ ಮುಟ್ಟಿ ನೋಡಿ ಬರಿ.

ನಿನ್ನ ಅಕ್ಕ,
ಶಿವಲೀಲಾ